ಮಗುವಿನ ಮಾತಿಗೆ ಬಿಡುವ ಜಾಗ

ಎರಡೂವರೆ ವರ್ಷದ ಮಗುವಿನ ಮುಂದೆ ಸೋಪಿನ ಗುಳ್ಳೆ ಊದುವ ಪುಟ್ಟ ಬಾಟಲಿ ಇದೆ. ಅಮ್ಮ ಒಂದು ಸಲ ಊದುತ್ತಾರೆ, ಗುಳ್ಳೆ ಹಾರುತ್ತವೆ, ಮಗು ಕೇಕೆ ಹಾಕುತ್ತದೆ. ಆಮೇಲೆ ಅಮ್ಮ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಬಾಟಲಿಯನ್ನು ಮಗುವಿನ ಕೈಗೇ ಕೊಟ್ಟುಬಿಡುತ್ತಾರೆ. ಮಗು ತಿರುಗಿಸಿ ನೋಡುತ್ತದೆ, ಬರುವುದಿಲ್ಲ. ಹಲ್ಲಲ್ಲಿ ಕಚ್ಚುತ್ತದೆ, ಅದೂ ಆಗುವುದಿಲ್ಲ. ಕೊನೆಗೆ ಬಾಟಲಿಯನ್ನು ಅಮ್ಮನ ಕಡೆ ಚಾಚಿ ಮುಖ ನೋಡುತ್ತದೆ. ಮುಂದಿನ ಏಳೆಂಟು ಸೆಕೆಂಡುಗಳಲ್ಲಿ ದೊಡ್ಡವರು ಏನು ಮಾಡುತ್ತಾರೆ ಅನ್ನುವುದರ ಮೇಲೆ ಸ್ಪೀಚ್ ಥೆರಪಿಯ ಬಹುಪಾಲು ನಿಂತಿದೆ.

ಸಾಮಾನ್ಯವಾಗಿ ಆಗುವುದು ಇಷ್ಟು: "ಏನು ಬೇಕು ಕಂದಾ? ತೆಗೀಬೇಕಾ? ತೆಗಿ ಅನ್ನು. ತೆ... ಗಿ. ಹೇಳು, ಹೇಳಿದ್ರೇ ಕೊಡೋದು." ಐದು ಸೆಕೆಂಡಿನಲ್ಲಿ ಐದು ಮಾತು. ಎಲ್ಲವೂ ಪ್ರೀತಿಯಿಂದಲೇ ಬಂದದ್ದು, ಆದರೆ ಮಗು ಬಾಯಿ ತೆರೆಯಲು ಅವುಗಳ ನಡುವೆ ಸಂದೇ ಇಲ್ಲ. ಇದರ ಬದಲು ಮಾಡಬೇಕಾದ್ದು ಹೀಗೆ. ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ, ಹುಬ್ಬು ಏರಿಸಿ, 'ಹೂಂ?' ಅನ್ನುವ ಮುಖ ಮಾಡಿಕೊಂಡು ಸುಮ್ಮನಿರಬೇಕು. ಮನಸ್ಸಿನಲ್ಲೇ ಒಂದರಿಂದ ಎಂಟರವರೆಗೆ ಎಣಿಸಬೇಕು. ಮಗು "ಆ!" ಅಂದರೂ ಸರಿ, "ತೆ" ಅಂದರೂ ಸರಿ, ಮುಚ್ಚಳದ ಮೇಲೆ ಬೆರಳಿಟ್ಟು ತೋರಿಸಿದರೂ ಸರಿ, ತಕ್ಷಣ "ತೆಗಿ! ತೆಗೀತೀನಿ" ಅನ್ನುತ್ತ ತೆಗೆಯಬೇಕು. ಏನೂ ಬರದಿದ್ದರೆ "ತೆಗಿ" ಎಂದು ಒಂದೇ ಸಲ ಹೇಳಿ ಮತ್ತೆ ಐದು ಸೆಕೆಂಡು ಕಾಯಬೇಕು. ಆಗಲೂ ಬರಲಿಲ್ಲವೇ, ಆ ಪದವನ್ನೇ ಹೇಳುತ್ತ ನಾವೇ ತೆಗೆದುಕೊಡಬೇಕು. ಮೂರನೇ ಸಲ ತಡೆಹಿಡಿಯುವುದು ಬೇಡ. ಅಲ್ಲಿಂದಾಚೆಗೆ ಅದು ಮಾತಿಗೆ ಕೊಟ್ಟ ಅವಕಾಶವಾಗಿ ಉಳಿಯುವುದಿಲ್ಲ, ಸತಾಯಿಸುವುದಾಗುತ್ತದೆ. ಅಳುತ್ತಿರುವ ಮಗು ಹೊಸ ಪದ ಕಲಿಯುವ ಸ್ಥಿತಿಯಲ್ಲಿರುವುದಿಲ್ಲ. ಬಾಟಲಿ ಕಂಡರೇ ಪರೀಕ್ಷೆ ಬಂತು ಅನ್ನುವುದನ್ನು ಮಾತ್ರ ಚೆನ್ನಾಗಿ ಕಲಿಯುತ್ತದೆ.

ಎಂಟು ಸೆಕೆಂಡು ಕಾಯುವುದು ಹೇಳಿದಷ್ಟು ಸುಲಭವಲ್ಲ. ದೊಡ್ಡವರ ಮಾತುಕತೆಯಲ್ಲಿ ಒಬ್ಬರು ಮುಗಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸರಾಸರಿ ಒಂದು ಸೆಕೆಂಡಿನ ಐದರಲ್ಲೊಂದು ಪಾಲು. 2009ರಲ್ಲಿ ಹತ್ತು ಭಾಷೆಗಳನ್ನು ಹೋಲಿಸಿ ನೋಡಿದಾಗಲೂ ಹೆಚ್ಚುಕಡಿಮೆ ಇದೇ ಕಂಡಿತ್ತು. ಆ ಅಭ್ಯಾಸದಲ್ಲೇ ಬೆಳೆದ ನಮಗೆ ಎಂಟು ಸೆಕೆಂಡಿನ ಮೌನವೆಂದರೆ ಏನೋ ತಪ್ಪಾಗಿದೆ ಅನ್ನಿಸುತ್ತದೆ, ತುಂಬಿಸಿಬಿಡಬೇಕು ಅನ್ನಿಸುತ್ತದೆ. ಆದರೆ ಕೇಳಿದ್ದನ್ನು ಅರ್ಥಮಾಡಿಕೊಂಡು, ಪದ ಹುಡುಕಿ, ಬಾಯಿಗೆ ತರಲು ಆ ಮಗುವಿಗೆ ಅಷ್ಟು ಹೊತ್ತು ಬೇಕೇ ಬೇಕು. ಮೊಬೈಲ್‌ನಲ್ಲಿ ಐದು ನಿಮಿಷದ ಆಟವನ್ನು ರೆಕಾರ್ಡ್ ಮಾಡಿ, ಎಷ್ಟು ಪ್ರಶ್ನೆ ಕೇಳಿದಿರಿ, ಪ್ರತಿಯೊಂದರ ನಂತರ ಎಷ್ಟು ಕಾದಿರಿ ಎಂದು ಲೆಕ್ಕ ಹಾಕಿ. ಈ ಒಂದು ಕೆಲಸ ಮಾಡಿದ ಮನೆಗಳಲ್ಲಿ ಬೇರೆ ಉಪದೇಶವೇ ಬೇಕಾಗುವುದಿಲ್ಲ.

ಆದರೆ ಇದೆಲ್ಲ ಶುರುವಾಗುವ ಮೊದಲು ಕಿವಿ. "ನಮ್ಮ ಮಗುವಿಗೆ ಚೆನ್ನಾಗಿ ಕೇಳಿಸುತ್ತೆ, ಚಪ್ಪಾಳೆ ತಟ್ಟಿದ್ರೆ ತಿರುಗುತ್ತೆ" ಅನ್ನುವ ಮಾತನ್ನು ದಯವಿಟ್ಟು ಸಾಕ್ಷಿಯೆಂದು ಹಿಡಿಯಬೇಡಿ. ಚಪ್ಪಾಳೆ ಜೋರು ಸದ್ದು. ಮಗು ನೆರಳು ಕಂಡೋ ಗಾಳಿ ತಾಗಿಯೋ ತಿರುಗಿರಬಹುದು. ಮಾತಿನ ಸದ್ದುಗಳಲ್ಲಿ ಆ, ಊ, ಮ ಇಂಥವು ಗಟ್ಟಿ, ಕೆಳ ಸ್ಥಾಯಿಯವು. ಸ, ಶ, ತ, ಕ ಇಂಥವು ಮೆಲು, ಮೇಲಿನ ಸ್ಥಾಯಿಯವು. ಮೇಲಿನ ಸ್ಥಾಯಿ ಮಾತ್ರ ಕೇಳಿಸದ ಮಗು ಹೆಸರು ಕೂಗಿದರೆ ತಿರುಗುತ್ತದೆ, ಗುಡುಗಿಗೆ ಬೆಚ್ಚುತ್ತದೆ, ಆದರೆ ಅರ್ಧ ವ್ಯಂಜನಗಳು ಅದನ್ನು ಮುಟ್ಟುವುದೇ ಇಲ್ಲ. ನೆಗಡಿಯಾದಾಗಲೆಲ್ಲ ನಡುಗಿವಿಯಲ್ಲಿ ನೀರು ನಿಲ್ಲುವ ಮಕ್ಕಳ ಕತೆ ಇನ್ನೂ ಗೊಂದಲದ್ದು: ಈ ವಾರ ಕೇಳಿಸುತ್ತದೆ, ಮುಂದಿನ ವಾರ ಮಸುಕು. ಕಿವಿಯ ಪರೀಕ್ಷೆಗಳು ಇವು: ಹಸುಗೂಸಿಗೆ ಓಎಇ (ಸದ್ದು ಬಿಟ್ಟು ಒಳಗಿವಿಯಿಂದ ಬರುವ ಮಾರುಸದ್ದನ್ನು ಅಳೆಯುವುದು) ಮತ್ತು ನಿದ್ದೆಯಲ್ಲಿ ಮಾಡುವ ಬೇರಾ (ಸದ್ದಿಗೆ ಕಿವಿಯ ನರ ಮತ್ತು ಮಿದುಳು ಸ್ಪಂದಿಸುವುದನ್ನು ನೋಡುವುದು), ನಡುಗಿವಿಗೆ ಟಿಂಪನೊಮೆಟ್ರಿ (ಕಿವಿದಮಟೆಯ ಚಲನೆ ಅಳೆಯುವುದು), ಎರಡೂವರೆ ಮೂರು ವರ್ಷದ ನಂತರ ಸದ್ದು ಕೇಳಿದಾಗಲೆಲ್ಲ ಡಬ್ಬಿಗೆ ಬಿಲ್ಲೆ ಹಾಕಿಸುವ ಆಟದ ಪರೀಕ್ಷೆ. ಓಎಇ ಪಾಸಾಯಿತು ಎಂದ ಮಾತ್ರಕ್ಕೆ ಎಲ್ಲ ಸರಿ ಎಂದಲ್ಲ. ಅದು ಒಳಗಿವಿಯ ರೋಮಕೋಶಗಳನ್ನು ಮಾತ್ರ ನೋಡುತ್ತದೆ, ನರದ ತೊಂದರೆ ಇದ್ದರೆ ಬೇರಾದಲ್ಲಿ ಗೊತ್ತಾಗಬೇಕು. ಹುಟ್ಟಿದ ಮಗುವಿಗೆ ತಜ್ಞರು ಇಟ್ಟುಕೊಂಡಿರುವ ಗುರಿ 1-3-6: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಉತ್ತರ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಕಿವಿ ಪರೀಕ್ಷೆಯ ವರದಿ ಕೇಳದೆ ತಿಂಗಳುಗಟ್ಟಲೆ ಥೆರಪಿ ಕೊಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಎರಡನೆಯದು, ಮಾತು ಬೇರೆ, ಭಾಷೆ ಬೇರೆ. ಬಾಯಿಯಿಂದ ಸದ್ದುಗಳನ್ನು ಸರಿಯಾಗಿ ಹೊರಡಿಸುವುದು ಮಾತು. ಪದ, ವಾಕ್ಯ, ಅರ್ಥ, ಯಾವಾಗ ಯಾರಿಗೆ ಏನು ಹೇಳಬೇಕು ಅನ್ನುವುದು ಭಾಷೆ. "ತಾಲು ನೋವು" ಅಂದು ಕಾಲು ತೋರಿಸುವ ಮಗುವಿಗೆ ಭಾಷೆ ಇದೆ, ಒಂದು ಸದ್ದು ಇಲ್ಲ. ಚೆಂದವಾಗಿ ಹಾಡು ಒಪ್ಪಿಸಿ, ನೀರು ಬೇಕಾದಾಗ ಮಾತ್ರ ಕೈಹಿಡಿದು ಎಳೆದುಕೊಂಡು ಹೋಗುವ ಮಗುವಿಗೆ ಸದ್ದುಗಳೆಲ್ಲ ಇವೆ, ಭಾಷೆ ಹಿಂದುಳಿದಿದೆ. ಇಬ್ಬರನ್ನೂ 'ಮಾತು ಸರಿ ಬರ್ತಿಲ್ಲ' ಎಂದೇ ಕರೆತರುತ್ತಾರೆ, ಆದರೆ ಒಬ್ಬರ ಥೆರಪಿ ಇನ್ನೊಬ್ಬರಿಗೆ ಏನೂ ಮಾಡದು.

ಅರ್ಥವಾಗುತ್ತಿದೆಯೇ ಎಂದು ನೋಡುವುದರಲ್ಲೂ ಮೋಸಹೋಗುವುದು ಸುಲಭ. "ಎಲ್ಲಾ ಅರ್ಥ ಆಗುತ್ತೆ, ಮಾತಾಡೋದೊಂದಿಲ್ಲ" ಅನ್ನುವ ಮನೆಯಲ್ಲಿ ಗಮನಿಸಿದರೆ, "ಚೆಂಡು ತಗೊಂಡು ಬಾ" ಅನ್ನುವಾಗ ಹೇಳುವವರ ಕೈ ಚೆಂಡಿನ ಕಡೆ ಹೋಗಿರುತ್ತದೆ, ಕಣ್ಣೂ ಹೋಗಿರುತ್ತದೆ. ಕೈ ಹಿಂದೆ ಕಟ್ಟಿಕೊಳ್ಳಿ, ಮಗುವಿನ ಮುಖವನ್ನೇ ನೋಡುತ್ತಿರಿ, ಊಹಿಸಲಾಗದ ಮಾತು ಹೇಳಿ: "ಚೆಂಡನ್ನು ಮಂಚದ ಕೆಳಗೆ ಇಡು." ಆಮೇಲೆ ಅದೇ ಧಾಟಿಯಲ್ಲಿ "ಮಂಚದ ಮೇಲೆ ಇಡು." ಎರಡಕ್ಕೂ ವ್ಯತ್ಯಾಸ ಮಾಡಿದರೆ ಕಿವಿಗೆ ಬಿದ್ದದ್ದು ಭಾಷೆ. ಎರಡು ಸಲವೂ ಮಂಚದ ಹತ್ತಿರ ಒಯ್ದು ಬಿಟ್ಟರೆ, ಚೆಂಡು, ಮಂಚ ಎರಡು ಪದ ಹಿಡಿದು ಉಳಿದದ್ದನ್ನು ಊಹಿಸಿದೆ ಎಂದರ್ಥ.

ವಯಸ್ಸಿನ ಲೆಕ್ಕ ಬೇಕೇ ಬೇಕು ಅನ್ನುವವರಿಗೆ ಒಂದು ಗೆರೆ ಇದೆ. 24 ತಿಂಗಳಿಗೆ ಸುಮಾರು 50 ಪದ, ಮತ್ತು ಎರಡು ಪದ ಜೋಡಿಸಿ ಹೇಳುವುದು. ಇದರ ಕೆಳಗಿದ್ದರೆ ತಡವಾಗಿ ಮಾತು ಬರುವ ಮಗು ಎಂದು ಗುರುತಿಸಿ ಮೌಲ್ಯಮಾಪನ ಮಾಡಿಸುವುದು ವಾಡಿಕೆ. ಪದ ಎಂದರೆ ಸ್ಪಷ್ಟ ಉಚ್ಚಾರವೇ ಆಗಬೇಕಿಲ್ಲ. ಪ್ರತಿ ಸಲ ಅದೇ ಅರ್ಥಕ್ಕೆ, ಹೇಳಿಸದೆ, ತಾನಾಗಿ ಬಳಸಿದರೆ ನಾಯಿಗೆ 'ಬೌ' ಅಂದರೂ ಒಂದು ಪದವೇ. ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡರ ಪದಗಳನ್ನೂ ಕೂಡಿಸಿ ಎಣಿಸಬೇಕು. ತಡವಾದವರಲ್ಲಿ ಹೆಚ್ಚಿನ ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಸಮನಾಗುತ್ತಾರೆ, ನಿಜ. ಆದರೆ ಈ ಮಗು ಆ ಗುಂಪಿನದೇ ಎಂದು ಎರಡು ವರ್ಷಕ್ಕೆ ಯಾರೂ ಖಚಿತವಾಗಿ ಹೇಳಲಾರರು. ಅರ್ಥಮಾಡಿಕೊಳ್ಳುವುದೂ ಕಡಿಮೆ, ಬೆರಳು ಮಾಡಿ ತೋರಿಸುವುದು, ಟಾಟಾ ಮಾಡುವುದು ಕಡಿಮೆ, ಬಾಯಲ್ಲಿ ಬರುವ ವ್ಯಂಜನಗಳೇ ಎರಡು ಮೂರು ಎಂದಾದರೆ ಕಾಯುವುದು ಸರಿಯಲ್ಲ. "ಅವರಪ್ಪಂಗೂ ತಡವಾಗೇ ಮಾತು ಬಂದಿದ್ದು" ಎಂಬ ಸಮಾಧಾನದ ಮಾತು ಇದೆಯಲ್ಲ, ಅದು ಹೆಚ್ಚು ಎಚ್ಚರ ವಹಿಸಲು ಇರುವ ಕಾರಣ. ಭಾಷೆಯ ತೊಂದರೆ ವಂಶದಲ್ಲಿ ಹರಿದು ಬರುತ್ತದೆ. ಇನ್ನು, ಬಂದ ಪದಗಳು ಯಾವ ವಯಸ್ಸಿನಲ್ಲೇ ಆಗಲಿ ಹೋಗಿಬಿಟ್ಟರೆ ಒಂದು ವಾರವೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಯಾವ ಪದ ಮೊದಲು ಕಲಿಸಬೇಕು ಅನ್ನುವಲ್ಲಿ ಹೆಚ್ಚಿನ ಮನೆಗಳು ದಾರಿ ತಪ್ಪುವುದನ್ನು ಸ್ವಲ್ಪ ನಿಂತು ನೋಡಬೇಕು. ಗೋಡೆಗೆ ಅಂಟಿಸಿದ ಚಾರ್ಟು ಮುಂದಿಟ್ಟು "ಇದೇನು? ಇದೇನು?" ಎಂದು ಕೇಳಿ ಕೇಳಿ ಮಗುವಿಗೆ ಬಣ್ಣ, ಪ್ರಾಣಿ, ಅಂಕಿ ಎಲ್ಲ ಬಾಯಿಪಾಠವಾಗಿರುತ್ತದೆ. ನಲವತ್ತು ಪದ. ಆದರೆ ಜಿರಾಫೆ, ಹಳದಿ, ತ್ರಿಕೋನ, ಏಳು ಇಷ್ಟನ್ನೇ ಇಟ್ಟುಕೊಂಡು ಮಗು ಏನನ್ನು ಕೇಳಬಹುದು, ಏನನ್ನು ಬೇಡ ಅನ್ನಬಹುದು, ಯಾರನ್ನು ಕರೆಯಬಹುದು? ಒಂದು ವಾಕ್ಯವೂ ಆಗುವುದಿಲ್ಲ. ಅದರ ಬದಲು ಬೇಕು, ಬೇಡ, ಬಾ, ಕೊಡು, ತೆಗಿ, ಹಾಕು, ಇನ್ನೂ, ಆಯ್ತು, ನಂದು, ಎಲ್ಲಿ, ಮೇಲೆ, ಹೋಗೋಣ: ಈ ಹನ್ನೆರಡರಲ್ಲಿ ಯಾವುದನ್ನು ಬೇಕಾದರೂ ಮನೆಯ ಯಾವ ವಸ್ತುವಿಗಾದರೂ, ಯಾರ ಹೆಸರಿಗಾದರೂ ಜೋಡಿಸಬಹುದು. ಅಪ್ಪ ಬಾ. ಚೆಂಡು ಕೊಡು. ಇನ್ನೂ ಹಾಕು. ಕನ್ನಡದಲ್ಲಿ ಒಂದು ಅನುಕೂಲವೂ ಇದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಕಿವಿಯಲ್ಲಿ ಉಳಿಯುವುದೂ ಕೊನೆಯದೇ. ಜೊತೆಗೆ 'ಬಂತು', 'ಬೇಡ', 'ಕೊಡು' ಒಂಟಿಯಾಗಿಯೇ ಪೂರ್ಣ ವಾಕ್ಯ.

ಹೇಗೆ ಕಲಿಸುವುದು? ಎರಡು ಮೂರು ಪದ ಆರಿಸಿಕೊಳ್ಳಿ, ಎರಡು ವಾರ ಅವೇ ಇರಲಿ. 'ಹಾಕು' ಎಂಬ ಪದವಾದರೆ ಡಬ್ಬಿ, ಗೋಲಿ, ಬಟ್ಟೆ ಬುಟ್ಟಿ, ಬಕೆಟ್ಟು ಎಲ್ಲದರ ಜೊತೆಗೂ ಅದು ಕೇಳಿಬರಬೇಕು. ಹತ್ತು ನಿಮಿಷದ ಆಟದಲ್ಲಿ ಮೂವತ್ತು ನಲವತ್ತು ಸಲ, ಬೇರೆಬೇರೆ ವಾಕ್ಯಗಳಲ್ಲಿ: "ಡಬ್ಬಿಗೆ ಹಾಕು. ಈಗ ನೀನು ಹಾಕು. ಇನ್ನೊಂದು ಹಾಕು. ನಾನು ಹಾಕ್ಲಾ? ಹಾಕ್ದೆ!" ಮಗುವಿಗೆ 'ಹೇಳು' ಅನ್ನುವಂತಿಲ್ಲ. ಮೊದಲ ಕೆಲವು ದಿನ ಮಗು ಬಾಯಿ ಬಿಡದೇ ಇದ್ದರೂ ಸೋತೆವು ಎಂದುಕೊಳ್ಳಬೇಡಿ, ಒಳಗೆ ತುಂಬಿಸುವ ಕೆಲಸ ನಡೆಯುತ್ತಿರುತ್ತದೆ. ಇಲ್ಲಿ ಆಗುವ ತಪ್ಪೆಂದರೆ ಸರಳ ಮಾಡಲು ಹೋಗಿ ವ್ಯಾಕರಣವನ್ನೇ ಕಿತ್ತುಹಾಕುವುದು. "ಪುಟ್ಟ ಶಾಲೆ ಹೋಗು", "ಡಬ್ಬಿ ಹಾಕು" ಎಂದರೆ ಆ 'ಗೆ' ಪ್ರತ್ಯಯವನ್ನು ಮಗು ಎಲ್ಲಿಂದ ಕಲಿಯಬೇಕು? ವಾಕ್ಯ ಚಿಕ್ಕದಿರಲಿ, ಆದರೆ ಇಡಿಯಾಗಿರಲಿ.

ಮಗು ಹೇಳಿದ ಮೇಲಿನ ಉತ್ತರ ಕೂಡ ಅಷ್ಟೇ ಮುಖ್ಯ. ಮಗು "ಅಪ್ಪ ಕಾರು" ಅಂದರೆ "ಹೌದು, ಅಪ್ಪ ಕಾರಲ್ಲಿ ಹೋದ್ರು." "ಅಕ್ಕ ಬಂದ" ಅಂದರೆ "ಹೂಂ, ಅಕ್ಕ ಬಂದ್ಲು." ತಪ್ಪು ಎಂದು ಹೇಳುವುದಿಲ್ಲ, 'ಬಂದ್ಲು ಅನ್ನು' ಎಂದು ಒಪ್ಪಿಸಿಕೊಳ್ಳುವುದೂ ಇಲ್ಲ. ಅದರ ಮಾತನ್ನೇ ಎತ್ತಿಕೊಂಡು, ಬಿಟ್ಟುಹೋದದ್ದನ್ನು ಸೇರಿಸಿ, ಆ ತುದಿಯನ್ನು ಒಂದಿಷ್ಟು ಒತ್ತಿ ಹೇಳಿ ಮುಂದೆ ಹೋಗುವುದು. ಮಗುವಿನ ಗಮನ ಈಗಾಗಲೇ ಆ ವಿಷಯದ ಮೇಲಿರುವುದರಿಂದ, ತಾನು ಹೇಳಿದ್ದಕ್ಕೂ ಈಗ ಕೇಳಿದ್ದಕ್ಕೂ ಇರುವ ಅಂತರ ಅದಕ್ಕೆ ತಟ್ಟುತ್ತದೆ. ಪ್ರಶ್ನೆಗಳ ವಿಷಯದಲ್ಲಿ ಇಟ್ಟುಕೊಳ್ಳಬಹುದಾದ ಅಂದಾಜು: ಒಂದು ಪ್ರಶ್ನೆಗೆ ಕನಿಷ್ಠ ಮೂರು ಸುಮ್ಮನೆ ಹೇಳುವ ಮಾತು. "ಇದೇನು ಬಣ್ಣ?" ಎಂದು ಕೇಳುವ ಬದಲು "ಅರೆ, ಚಕ್ರ ಕಳಚಿಹೋಯ್ತು" ಎಂದು ಸುಮ್ಮನಾಗಿ ನೋಡಿ. ಉತ್ತರ ಗೊತ್ತಿದ್ದೇ ಕೇಳುವ ಪ್ರಶ್ನೆಗಿಂತ ಇದಕ್ಕೇ ಹೆಚ್ಚು ಮಾತು ಬರುತ್ತದೆ.

ಕೇಳಿದ್ದನ್ನೇ ತಿರುಗಿ ಹೇಳುವ ಮಕ್ಕಳಿದ್ದಾರೆ. "ನೀರು ಬೇಕಾ?" ಅಂದರೆ "ನೀರು ಬೇಕಾ" ಎಂದೇ ಉತ್ತರ. ಇದನ್ನು ಅರ್ಥವಿಲ್ಲದ ಗಿಳಿಪಾಠವೆಂದು ಬಿಡಿಸಲು ಹೋಗುವುದು ಹಳೆಯ ತಪ್ಪು. ಎಷ್ಟೋ ಸಲ ಆ 'ಬೇಕಾ' ಎಂದರೆ 'ಬೇಕು'. ನೀರು ಬಂದದ್ದು ಆ ಪದಗುಚ್ಛದ ಜೊತೆಗೇ ಅಲ್ಲವೇ? ಇಂಥ ಮಗುವಿಗೆ ಪ್ರಶ್ನೆಯನ್ನೇ ಕಡಿಮೆ ಮಾಡಿ, ಅದು ಹೇಳಬೇಕಾದ ಮಾತನ್ನು ಅದರ ಜಾಗದಲ್ಲಿ ನಿಂತು ಹೇಳಬೇಕು. ಮಗು ಲೋಟದ ಕಡೆ ಕೈಚಾಚಿದಾಗ, ಬೇರೇನೂ ಕೇಳದೆ "ನೀರು ಬೇಕು" ಎಂದು ಹೇಳಿ ಕೊಡುವುದು. ಆ ಕೊನೆಯ 'ಆ' ಮತ್ತು 'ಉ' ನಡುವಿನ ವ್ಯತ್ಯಾಸ ನಮಗೆ ಸಣ್ಣದು, ಮಗುವಿಗೆ ಕೇಳುವವರು ಯಾರು, ಹೇಳುವವರು ಯಾರು ಎಂಬ ಇಡೀ ವ್ಯವಸ್ಥೆಯೇ ಅದರಲ್ಲಿದೆ.

ಎರಡು ಭಾಷೆ ಮಾತಾಡುವ ಮನೆಗೆ "ಒಂದೇ ಭಾಷೆ ಇಟ್ಟುಕೊಳ್ಳಿ" ಎಂಬ ಸಲಹೆ ಈಗಲೂ ಸಿಗುತ್ತದೆ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ, ಭಾಷೆಯ ತೊಂದರೆ ಇದ್ದರೆ ಅದು ಎರಡರಲ್ಲೂ ಕಾಣುತ್ತದೆ. ಮನೆಮಾತು ಬಿಟ್ಟು ತಮಗೆ ಸಲೀಸಲ್ಲದ ಭಾಷೆಯಲ್ಲಿ ಮಗುವಿನೊಡನೆ ಮಾತಾಡಲು ಹೊರಟ ತಂದೆತಾಯಿ ಕೊನೆಗೆ ಆಡುವುದು "ಬಾ, ಕೂರು, ತಿನ್ನು" ಇಷ್ಟೇ. ಅಜ್ಜಿ ಕತೆ ಹೇಳುವುದನ್ನೇ ನಿಲ್ಲಿಸಿಬಿಡುತ್ತಾರೆ. ಈ ಸಲಹೆಯಿಂದ ಆಗುವ ನಷ್ಟ ನೋಡಿದಾಗ ಮನಸ್ಸು ಕುಗ್ಗುತ್ತದೆ.

ಚಿತ್ರದ ಹಲಗೆ, ಸನ್ನೆ, ಮಾತಾಡುವ ಟ್ಯಾಬ್ಲೆಟ್ಟು ಕೊಟ್ಟರೆ ಮಗು ಮಾತು ಕಲಿಯುವುದನ್ನೇ ಬಿಟ್ಟೀತು ಎಂಬ ಹೆದರಿಕೆಗೂ ಆಧಾರವಿಲ್ಲ. 2006ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ ಗಟ್ಟಿ ಪುರಾವೆಯಿದ್ದ 27 ಜನರನ್ನು ನೋಡಿದಾಗ, ಶೇಕಡ 89 ಮಂದಿಯಲ್ಲಿ ಬಾಯಿಮಾತು ಹೆಚ್ಚಿತ್ತು, ಉಳಿದವರಲ್ಲಿ ಇದ್ದ ಹಾಗೇ ಇತ್ತು, ಒಬ್ಬರಲ್ಲೂ ಕಡಿಮೆಯಾಗಿರಲಿಲ್ಲ. ಹಲಗೆ ಕೆಲಸ ಮಾಡದೆ ಮೂಲೆ ಸೇರುವುದಕ್ಕೆ ಕಾರಣ ಬೇರೆ: ದೊಡ್ಡವರು ಅದನ್ನು ಬಳಸುವುದಿಲ್ಲ. "ಹೊರಗೆ ಹೋಗೋಣ" ಎಂದು ಹೇಳುವಾಗ 'ಹೊರಗೆ', 'ಹೋಗು' ಎರಡು ಚಿತ್ರಗಳನ್ನು ನಾವೇ ಮುಟ್ಟಿ ಹೇಳಬೇಕು, ತಿಂಗಳುಗಟ್ಟಲೆ. ಮಗುವಿನ ಮುಂದೆ ಹಲಗೆ ಇಟ್ಟು 'ತೋರಿಸು' ಅನ್ನುವುದು ಮತ್ತೆ ಅದೇ 'ಹೇಳು, ಹೇಳು'ವಿನ ಇನ್ನೊಂದು ರೂಪ.

ಈಗ ಸದ್ದುಗಳ ಕಡೆಗೆ ಬರೋಣ. ಕಾಲಿಗೆ 'ತಾಲು' ಅನ್ನುವ ಮಗುವಿಗೆ ನೀವೂ ನಗುತ್ತ "ತಾಲಾ?" ಅಂದರೆ ಅದು ರೇಗುತ್ತದೆ: "ಅಲ್ಲ, ತಾಲು!" ತನ್ನ ಬಾಯಲ್ಲಿ ಬಂದದ್ದು ತಪ್ಪು ಎಂದು ಅದಕ್ಕೆ ಕೇಳಿಸುವುದಿಲ್ಲ, ನಿಮ್ಮ ಬಾಯಲ್ಲಿ ಬಂದದ್ದು ತಪ್ಪೆಂದು ಸ್ಪಷ್ಟವಾಗಿ ಕೇಳಿಸುತ್ತದೆ. ಮಕ್ಕಳ ಭಾಷೆಯ ಸಂಶೋಧಕರಾದ ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ 1960ರಲ್ಲೇ ಇದನ್ನು ದಾಖಲಿಸಿದ್ದಾರೆ. ಕ ಬದಲು ತ ಬರುವುದು ಮೂರು ಮೂರೂವರೆ ವರ್ಷದೊಳಗೆ ಹೆಚ್ಚಿನ ಮಕ್ಕಳಲ್ಲಿ ತಾನೇ ಹೋಗುತ್ತದೆ. ನಾಲ್ಕು ದಾಟಿದರೂ ಹೊರಗಿನವರಿಗೆ ಅರ್ಧ ಮಾತೂ ತಿಳಿಯದಿದ್ದರೆ ಥೆರಪಿ ಬೇಕು. ಒಂದು ಮುಖ್ಯ ಮಾತು: ಮನೆಯವರೆಲ್ಲ 'ಆಲು', 'ಅಳ್ಳಿ' ಅನ್ನುವಲ್ಲಿ ಮಗುವಿಗೂ ಹ ಬರುವುದಿಲ್ಲ, ಅದು ಆಡುನುಡಿ, ದೋಷವಲ್ಲ. ಹಾಗೆಯೇ ಮಹಾಪ್ರಾಣಗಳು. ದಿನದ ಮಾತಿನಲ್ಲಿ ದೊಡ್ಡವರೇ ಭ, ಧ ಉಚ್ಚರಿಸದಿರುವಾಗ ನಾಲ್ಕು ವರ್ಷದ ಮಗುವಿನ ಥೆರಪಿ ಗುರಿಗಳಲ್ಲಿ ಅವಕ್ಕೆ ಜಾಗವಿಲ್ಲ.

ಕ ಒಂದೇ ಅಲ್ಲ, ಗ ಕೂಡ ದ ಆಗುತ್ತಿದ್ದರೆ ಅದು ನಾಲಗೆಯ ತೊಂದರೆಗಿಂತ ಮಗುವಿನ ತಲೆಯಲ್ಲಿ ಕೂತ ಒಂದು ನಿಯಮ: ಹಿಂದಿನ ಸದ್ದುಗಳನ್ನೆಲ್ಲ ಮುಂದಕ್ಕೆ ತಾ. ನಿಯಮ ಮುರಿಯಲು ಒಂದೇ ಸದ್ದಿನಲ್ಲಿ ಬೇರೆಯಾಗುವ ಜೋಡಿಗಳು ಬೇಕು. ಕನ್ನಡದಲ್ಲಿ ಇವಕ್ಕೆ ಬರವಿಲ್ಲ. ಕಾಯಿ-ತಾಯಿ, ಕಲೆ-ತಲೆ. ಟ-ತ ಗೊಂದಲಕ್ಕೆ ಕಟ್ಟೆ-ಕತ್ತೆ, ಳ-ಲ ಗೊಂದಲಕ್ಕೆ ಬಳೆ-ಬಲೆ, ಹಳ್ಳಿ-ಹಲ್ಲಿ, ಒತ್ತಕ್ಷರ ಬಿಡುವ ಮಗುವಿಗೆ ಕತೆ-ಕತ್ತೆ. ಆಟ ಹೀಗೆ: ಎರಡೂ ಚಿತ್ರ ಮೇಜಿನ ಮೇಲೆ. ಮೊದಲು ಕಿವಿಯ ಸರದಿ, ನೀವು ಹೇಳಿದ್ದನ್ನು ಮಗು ಎತ್ತಿಕೊಡಬೇಕು. ಹತ್ತಕ್ಕೆ ಒಂಬತ್ತು ಸರಿಯಾದ ಮೇಲೆ ಸರದಿ ಬದಲು, ಮಗು ಹೇಳಿದ್ದನ್ನು ನೀವು ಎತ್ತಿಕೊಡಬೇಕು. ಮಗುವಿಗೆ ಬೇಕಾಗಿರುವುದು ಕಾಯಿ, ಬಾಯಲ್ಲಿ ಬಂದದ್ದು "ತಾಯಿ". ನೀವು ಗಂಭೀರವಾಗಿ ತಾಯಿಯ ಚಿತ್ರ ಕೊಡುತ್ತೀರಿ. ಮಗು ನಿಮ್ಮ ಮುಖ ನೋಡುತ್ತದೆ, ಚಿತ್ರ ನೋಡುತ್ತದೆ, ಮತ್ತೆ ಹೇಳುತ್ತದೆ, ಈ ಸಲ ಗಂಟಲಿನಿಂದ ಏನೋ ಒಂದು ಬೇರೆ ಸದ್ದು. ತಾನು ಆಡಿದ ಸದ್ದಿಗೆ ಅರ್ಥ ಬದಲಿಸುವ ಶಕ್ತಿ ಇದೆ ಎಂದು ಅದಕ್ಕೆ ಹೊಳೆಯುವುದು ಆ ಗಳಿಗೆಯಲ್ಲಿ.

ಸದ್ದೇ ಬಾರದಿದ್ದರೆ ಮೊದಲು ಬರಿಸಬೇಕು. ಕ ಬರಿಸಲು ಮಗುವನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಬಾಯಿ ತೆರೆದು, ಗಂಟಲು ಮುಕ್ಕಳಿಸುವ ಹಾಗೆ ಮಾಡಿಸುತ್ತಾರೆ. ಮಲಗಿದಾಗ ನಾಲಗೆ ತನ್ನ ಭಾರಕ್ಕೇ ಹಿಂದೆ ಸರಿಯುವುದರಿಂದ ಅರ್ಧ ಕೆಲಸ ಆಗಿಹೋಗಿರುತ್ತದೆ. ಕೆಲವರಿಗೆ 'ಅಂಗ' ಎಂದು ಹೇಳಿಸಿ ಅನುನಾಸಿಕದಲ್ಲೇ ನಿಲ್ಲಿಸಿ, ಮೂಗು ಮುಚ್ಚಿ ಬಿಡುಗಡೆ ಮಾಡಿದರೆ ಗ ಬಂದುಬಿಡುತ್ತದೆ. ಕಡ್ಡಿಯಿಂದ ನಾಲಗೆಯ ತುದಿ ಒತ್ತಿಹಿಡಿಯುವ ವಿಧಾನ ಥೆರಪಿಸ್ಟ್ ಕೈಯಲ್ಲೇ ಇರಲಿ, ಸ್ವಲ್ಪ ಹಿಂದೆ ಹೋದರೂ ಓಕರಿಕೆ ಬರುತ್ತದೆ.

ರ ವಿಷಯದಲ್ಲಿ ಇಂಟರ್ನೆಟ್ಟಿನ ಇಂಗ್ಲಿಷ್ ವಿಡಿಯೊಗಳನ್ನು ನಂಬಿದರೆ ಕೆಟ್ಟೆವು. ಇಂಗ್ಲಿಷಿನ ಆರ್‌ನಲ್ಲಿ ನಾಲಗೆಯ ತುದಿ ಯಾವುದಕ್ಕೂ ತಾಗುವುದಿಲ್ಲ, ನಾಲಗೆ ಹಿಂದಕ್ಕೆ ಮುದುಡಿ ನಿಲ್ಲುತ್ತದೆ. ಕನ್ನಡದ ರ ಹಾಗಲ್ಲ, ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂದಿನ ದಿಬ್ಬಕ್ಕೆ ಒಮ್ಮೆ ಪಟ್ಟನೆ ತಟ್ಟಿ ಬೀಳುವ ಸದ್ದು. ಆದ್ದರಿಂದ ಇದಕ್ಕೆ ದಾರಿ ಹಗುರವಾದ ದ-ಡ ಕಡೆಯಿಂದ. ತುದಿಯಿಂದ ಮೆತ್ತಗೆ 'ದದದದ' ಹೇಳಿಸಿ, ವೇಗ ಹೆಚ್ಚಿಸಿ, ಗಲ್ಲ ಕುಣಿಯದಂತೆ ಮಗುವಿನದೇ ಬೆರಳನ್ನು ಗದ್ದಕ್ಕೆ ಇಡಿಸಿ, 'ಅದ-ಅದ' ಅನ್ನುವುದು 'ಅರ'ಕ್ಕೆ ಜಾರುವವರೆಗೆ. ಎರಡು ಸ್ವರಗಳ ನಡುವೆ ಇದು ಅತಿ ಸುಲಭ, ಹಾಗಾಗಿ ಮರ, ಬರೆ, ಹಾರು, ಇರಲಿ ಮೊದಲು. ರೈಲು, ರಾಜ ಆಮೇಲೆ. ಚಕ್ರ, ಚಂದ್ರ ಕೊನೆಗೆ. ರಾಜನಿಂದ ಶುರು ಮಾಡಿ ತಿಂಗಳು ಕಳೆದವರು ತುಂಬ ಮಂದಿ.

ಅಮೆರಿಕದಲ್ಲಿ ಸ್ಪೀಚ್ ಥೆರಪಿಗೆ ಬುನಾದಿ ಹಾಕಿದವರಲ್ಲೊಬ್ಬರಾದ ಚಾರ್ಲ್ಸ್ ವ್ಯಾನ್ ರೈಪರ್ ಹಾಕಿಕೊಟ್ಟ ಮೆಟ್ಟಿಲುಗಳನ್ನೇ ಇಂದಿಗೂ ಹತ್ತಿಸುವುದು: ಕಿವಿ, ಒಂಟಿ ಸದ್ದು, ಅಕ್ಷರ, ಪದ, ಪದಗುಚ್ಛ, ವಾಕ್ಯ, ಮಾತುಕತೆ. ಒಂದು ಮೆಟ್ಟಿಲಲ್ಲಿ 20ಕ್ಕೆ 16 ಸರಿಯಾಗಿ, ಅದೂ ಬೇರೆಬೇರೆ ದಿನ ಬಂದ ಮೇಲೆ ಮುಂದಿನದು. ಮನೆಯ ಅಭ್ಯಾಸ ದಿನಕ್ಕೆ ಐದು ನಿಮಿಷದಂತೆ ಮೂರು ಸಲ. ಭಾನುವಾರ ಒಟ್ಟಿಗೆ ಒಂದು ಗಂಟೆ ಕೂರಿಸಿದರೆ ಅಷ್ಟು ಫಲವಿಲ್ಲ, ಚಲನೆಯ ಕಲಿಕೆ ಹಂಚಿದಷ್ಟೂ ಗಟ್ಟಿ. ಮೊದಮೊದಲು ಪ್ರತಿ ಪ್ರಯತ್ನಕ್ಕೂ ಸರಿಯೋ ತಪ್ಪೋ ಹೇಳಿ. ಮೆಟ್ಟಿಲು ಏರಿದ ಹಾಗೆ ಅದನ್ನು ಕಡಿಮೆ ಮಾಡಿ, "ನಿನಗೆ ಹೇಗೆ ಕೇಳಿಸ್ತು?" ಎಂದು ತಿರುಗಿ ಕೇಳಿ.

ಪೀಪಿ ಊದಿಸುವುದು, ಸ್ಟ್ರಾದಲ್ಲಿ ಹತ್ತಿ ಉಂಡೆ ಹಾರಿಸುವುದು, ಕನ್ನಡಿ ಮುಂದೆ ನಾಲಗೆ ಮೇಲೆ ಕೆಳಗೆ ಆಡಿಸುವುದು: ಇವುಗಳಿಂದ ಮಾತು ಸ್ಪಷ್ಟವಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಮಾತಿಗೆ ಬೇಕಾದ್ದು ನಾಲಗೆಯ ಪೂರ್ಣ ಬಲದ ಸಣ್ಣ ಪಾಲು. ಬೇಕಿರುವುದು ವೇಗ, ನಿಖರತೆ, ಮತ್ತು ಆ ಸದ್ದಿಗೇ ಮೀಸಲಾದ ಚಲನೆ. ಊದುವುದನ್ನು ಅಭ್ಯಾಸ ಮಾಡಿದ ಮಗು ಊದುವುದರಲ್ಲಿ ಜಾಣನಾಗುತ್ತದೆ. ನಾಲಗೆಯ ಕೆಳಗಿನ ಎಳೆ ಬಿಗಿಯಾಗಿದೆ ಎಂಬ ಕಾರಣದಿಂದ ಮಾತೇ ತಡವಾಗುವುದಿಲ್ಲ, ಕತ್ತರಿಸಿದರೆ ಮಾತು ಬರುತ್ತದೆ ಎಂದು ಕಾಯಬೇಡಿ. ಆದರೆ 'ಪಪಪ' ಅನ್ನುವಾಗ ಮೂಗಿನ ಕೆಳಗೆ ಹಿಡಿದ ಕನ್ನಡಿ ಮಬ್ಬಾದರೆ ಗಾಳಿ ಮೂಗಿಗೆ ಸೋರುತ್ತಿದೆ. ಸೀಳು ಅಂಗುಳದ ತಜ್ಞರ ತಂಡ ನೋಡಬೇಕು, ರಚನೆಯ ತೊಂದರೆಯನ್ನು ವ್ಯಾಯಾಮ ಮುಚ್ಚಲಾರದು.

ಉಗ್ಗಿನ ಬಗ್ಗೆ ಇಷ್ಟು ಹೇಳಬೇಕು. ಎರಡರಿಂದ ನಾಲ್ಕು ವರ್ಷದೊಳಗೆ, ವಾಕ್ಯಗಳು ಉದ್ದವಾಗುವ ಹೊತ್ತಿಗೆ, ಅದು ಹಠಾತ್ತನೆ ಶುರುವಾಗಬಹುದು. ಹೆಚ್ಚಿನ ಮಕ್ಕಳಲ್ಲಿ ಹೋಗುತ್ತದೆ. ತಂದೆತಾಯಿ ಗದರಿದ್ದರಿಂದ ಬಂದದ್ದಲ್ಲ, ಇನ್ನೊಬ್ಬರನ್ನು ನೋಡಿ ಕಲಿತದ್ದೂ ಅಲ್ಲ. "ನಿಧಾನವಾಗಿ ಹೇಳು, ಉಸಿರು ತಗೋ" ಅನ್ನಬೇಡಿ, ನೀವೇ ನಿಧಾನವಾಗಿ ಮಾತಾಡಿ, ಅದರ ವಾಕ್ಯವನ್ನು ಅದೇ ಮುಗಿಸಲಿ. ಆರು ತಿಂಗಳು ದಾಟಿದರೆ, ಕುಟುಂಬದಲ್ಲಿ ಉಗ್ಗು ಉಳಿದವರಿದ್ದರೆ, ಪದ ಹೊರಡಿಸಲು ಮುಖ ಬಿಗಿಯುತ್ತಿದ್ದರೆ ಥೆರಪಿ ಶುರು ಮಾಡಿ. ಆರು ವರ್ಷದೊಳಗಿನವರಿಗೆ ಸಿಡ್ನಿಯಲ್ಲಿ ರೂಪುಗೊಂಡ ಲಿಡ್ಕೋಂಬ್ ವಿಧಾನದಲ್ಲಿ ಥೆರಪಿ ನಡೆಸುವವರೇ ತಂದೆತಾಯಿ, ಥೆರಪಿಸ್ಟ್ ಅವರನ್ನು ವಾರವಾರ ತರಬೇತು ಮಾಡುತ್ತಾರೆ.

ಥೆರಪಿ ಕೋಣೆಯಲ್ಲಿ ಮುತ್ತಿನಂತೆ ರ ಹೇಳುವ ಮಗು ಮನೆಗೆ ಬಂದ ಕೂಡಲೇ 'ಮಲ' ಹತ್ತಲು ಹೊರಟರೆ ಗಾಬರಿಯಾಗಬೇಡಿ, ಬೈಯಲೂಬೇಡಿ. ಕೋಣೆಯಲ್ಲಿ ಅದರ ಗಮನ ಸದ್ದಿನ ಮೇಲಿತ್ತು, ಈಗ ಮರದ ಮೇಲಿದೆ. ಇಡೀ ದಿನ ತಿದ್ದುವ ಬದಲು ದಿನದಲ್ಲಿ ಒಂದು ನಿಗದಿತ ಹೊತ್ತು ಆರಿಸಿ, ಸ್ನಾನದ ಹತ್ತು ನಿಮಿಷವೋ ಮಲಗುವ ಮುಂಚಿನ ಕತೆಯೋ, ಅಲ್ಲಿ ಮಾತ್ರ ರ ಮೇಲೆ ಕಣ್ಣಿಡಿ. ಎರಡು ಮೂರು ವಾರದಲ್ಲಿ ಅದು ಬೇರೆ ಹೊತ್ತಿಗೂ ಹರಡಲು ಶುರುವಾಗುತ್ತದೆ. ಆಗಲೇ ಇನ್ನೊಂದು ವಿಚಿತ್ರ ನಡೆಯುವುದುಂಟು. ಹಾರುವುದನ್ನು ಇಷ್ಟು ದಿನ 'ಹಾಲು' ಅನ್ನುತ್ತಿದ್ದ ಮಗು, ಒಂದು ಬೆಳಿಗ್ಗೆ ಲೋಟ ಹಿಡಿದು ಬಂದು "ಅಮ್ಮಾ, ಹಾರು ಕೊಡು" ಅನ್ನುತ್ತದೆ. ಹೊಸ ಸದ್ದನ್ನು ಸಿಕ್ಕಲ್ಲೆಲ್ಲ ಹಚ್ಚಿ ನೋಡುತ್ತಿದೆ ಅಷ್ಟೆ. ತಿದ್ದಬೇಡಿ. "ಹಾಲು ಬೇಕಾ, ತಗೋ ಹಾಲು" ಎಂದು ಕೊಟ್ಟುಬಿಡಿ. ಕೆಲವು ವಾರಗಳಲ್ಲಿ ಎರಡೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ.